ಬರ್ತೀನಿ ಅಂದದ್ದು

ತಾರೀಕು ೧೯, ಸೋಮವಾರ
ಲಾಂಡ್ರಿಯ ಹಿಂದಿನ ಕೋಣೆಯಿಂದ

ತಂಗಿ,

ತಮ್ಮನ ಹೆಂಡತಿಗೆ ಅಂತ ಬರೆಯಲು ಹೊರಟೆ, ಕೈ ತಾನಾಗಿ ತಂಗಿ ಅಂತ ಬರೆಯಿತು. ಹಾಗೇ ಇರಲಿ.

ಬೆಳಗಿನ ಜಾವ ಮತ್ತೆ ಅದೇ ಕೆಟ್ಟ ಕನಸು ಬಿತ್ತು. ಆಸ್ಪತ್ರೆಯವರ ದೊಡ್ಡ ಬೆಡ್‌ಶೀಟು ಮಡಿಸುತ್ತಿದ್ದೇನೆ. ಅದನ್ನು ಒಬ್ಬರೇ ಮಡಿಸಲು ಆಗುವುದಿಲ್ಲ, ಆ ತುದಿಗೊಬ್ಬರು ಈ ತುದಿಗೊಬ್ಬರು ಬೇಕು. ಆ ತುದಿಯನ್ನು ಯಾರೋ ಹಿಡಿದಿದ್ದಾರೆ. ಎಳೆದರೆ ಬಿಗಿಯಾಗುತ್ತದೆ, ಬಿಟ್ಟರೆ ಸಡಿಲವಾಗುತ್ತದೆ, ಮುಖ ಮಾತ್ರ ಕಾಣುವುದಿಲ್ಲ, ಅಷ್ಟು ಹಬೆ. 'ಹತ್ತಿರ ಬಾರೋ, ಮೂಲೆಗೆ ಮೂಲೆ ಸೇರಿಸಬೇಕು' ಅಂತ ಕೂಗುತ್ತೇನೆ. ಕೂಗಿದ ಹಾಗೆಲ್ಲ ಬಟ್ಟೆ ಉದ್ದವಾಗುತ್ತಾ ಹೋಗುತ್ತದೆ. ಎಚ್ಚರವಾದಾಗ ಹೊದಿಕೆ ಪೂರ್ತಿ ನನ್ನ ಮುಷ್ಟಿಯಲ್ಲಿತ್ತು, ನಿಮ್ಮ ಭಾವ ಚಳಿಗೆ ಮುದುಡಿಕೊಂಡು ನನ್ನನ್ನು ಬೈಯುತ್ತಿದ್ದರು.

ಚೆನ್ನಾಗಿದ್ದೀಯಾ ಅಂತ ನಿನ್ನನ್ನು ಕೇಳುವ ಧೈರ್ಯ ನನಗಿಲ್ಲ. ನೀನು ಇದ್ದೀಯ, ಮರಿ ಇದ್ದಾಳೆ, ಶಿಬಿರ ಮಾಡಿರುವ ಆ ಶಾಲೆಯ ಕಟ್ಟಡಕ್ಕೆ ಮೇಲೊಂದು ಸೂರು ಇದೆ. ದಿನಾ ಇಷ್ಟನ್ನು ಹೇಳಿಕೊಂಡೇ ಕೆಲಸಕ್ಕೆ ಬರುತ್ತೇನೆ. ಲಾರಿ ಡ್ರೈವರ್ ಕೈಲಿ ನೀನು ಕಳಿಸಿದ ಚೀಟಿ ಕಳೆದ ವಾರವೇ ತಲುಪಿತು. ಉತ್ತರ ತಡವಾಯಿತು, ಮನಸ್ಸಿಗೆ ಹಚ್ಚಿಕೊಳ್ಳಬೇಡ. ನಿಮ್ಮ ಕಡೆ ಫೋನಿನ ಗೋಪುರ ಎದ್ದು ನಿಲ್ಲುವ ತನಕ ಈ ಲಾರಿಯೇ ನಮಗೆ ಅಂಚೆ. ಲಾರಿ ಹೊರಡಬೇಕಾದರೆ ಪರವಾನಗಿ ಬೇಕು. ಪರವಾನಗಿ ಕೊಡುವವರು ಮೀಟಿಂಗಿನಲ್ಲಿದ್ದಾರೆ. ಯಾವಾಗ ಹೋಗಿ ಕೇಳಿದರೂ ಮೀಟಿಂಗಿನಲ್ಲಿಯೇ ಇರುತ್ತಾರೆ. ಇನ್ನು ನನ್ನ ಬರವಣಿಗೆ ನಿನಗೆ ಗೊತ್ತೇ ಇದೆ. ಶಾಲೆಗೆ ಎರಡು ಸಲ ಸೇರಿ ಎರಡು ಸಲವೂ ಬಿಟ್ಟವಳು ನಾನು. ಎಲ್ಲಿ ಒತ್ತಕ್ಷರ ಬಿಟ್ಟುಹೋಗಿದೆಯೋ ಅಲ್ಲಿ ನೀನೇ ಸ್ವಲ್ಪ ಒತ್ತಿಕೊಂಡು ಓದು.

ಚೀಟಿಯಲ್ಲಿ ನೀನು ಕೇಳಿದ್ದೆ: 'ಅಕ್ಕ, ನೀವು ಸರ್ಕಾರದವರಿಗೆ ಏನಂತ ಹೇಳಿದಿರಿ? ಇವರು ಕೆಲಸ ಮಾಡುತ್ತಿದ್ದ ಐಸ್ ಫ್ಯಾಕ್ಟರಿ ಕುಸಿದಿದೆ, ಅಗೆದು ನೋಡಿ ಅಂದರೆ ಒಪ್ಪುತ್ತಿಲ್ಲ. ನಿಮ್ಮ ಗಂಡ ಊರು ಬಿಟ್ಟು ಹೊರಟವರ ಲೆಕ್ಕದಲ್ಲಿದ್ದಾರೆ, ಅವರ ಅಕ್ಕನೇ ಹಾಗೆ ಹೇಳಿದ್ದಾರೆ ಅನ್ನುತ್ತಿದ್ದಾರೆ.' ಅದಕ್ಕೆ ಉತ್ತರ ಹೇಳುತ್ತೇನೆ. ಆದರೆ ಮೊದಲು ಇಲ್ಲಿನ ನಾಲ್ಕು ಮಾತು ಬರೆಯುತ್ತೇನೆ. ನೇರ ಅಲ್ಲಿಗೇ ಹೋಗಲು ನನಗೆ ಕೈ ಬರುತ್ತಿಲ್ಲ.

ಆ ಚಂಡಮಾರುತದ ಗಾಳಿ ಬಂದ ಮೊದಲ ದಿನಗಳಲ್ಲಿ ನಮ್ಮ ಊರಿನ ಜನರನ್ನು ನೀನು ನೋಡಬೇಕಿತ್ತು. ಎಲ್ಲರೂ ಟೀವಿ ಮುಂದೆ. ಬೀದಿಯಲ್ಲಿ ಒಬ್ಬರನ್ನೊಬ್ಬರು ನಿಲ್ಲಿಸಿ, 'ನೋಡಿದ್ರಾ, ಆ ದೋಣಿ ಮನೆ ಮೇಲೆ ಕೂತಿದ್ದು ನೋಡಿದ್ರಾ?' ಅಂತ ಕಣ್ಣು ಒರೆಸಿಕೊಳ್ಳುತ್ತಿದ್ದರು. ಲಾಂಡ್ರಿಯ ಯಜಮಾನರು ಬಾಗಿಲಿಗೆ ಒಂದು ರಟ್ಟು ತೂಗುಹಾಕಿದರು: ಸಂತ್ರಸ್ತರಿಗೆ ಬಟ್ಟೆ ಕೊಡಿ, ತೊಳೆದು ಇಸ್ತ್ರಿ ಮಾಡಿ ಕಳಿಸುತ್ತೇವೆ. ತಗೋ, ಮಾರನೇ ದಿನ ಒಳಗೆ ಕಾಲಿಡಲು ಜಾಗವಿಲ್ಲ. ಉಣ್ಣೆ ಕೋಟು, ಮಣಿ ಪೋಣಿಸಿದ ಪಾರ್ಟಿ ಬಟ್ಟೆ, ಜೊತೆಯಿಲ್ಲದ ಕಾಲುಚೀಲ. ಯಾರೋ ಪುಣ್ಯಾತ್ಮರು ಒಂದು ಚೀಲದ ತುಂಬ ಟೈ ಕೊಟ್ಟಿದ್ದರು. ನಮ್ಮಲ್ಲಿ ಹಬೆ ಇಸ್ತ್ರಿ ಯಂತ್ರ ನಡೆಸುವಾಕೆಗೆ ಎಲ್ಲರೂ ಹಬೆಯಮ್ಮ ಅನ್ನುತ್ತೇವೆ, ಯಂತ್ರಕ್ಕಿಂತ ಹೆಚ್ಚು ಹಬೆ ಅವಳ ಬಾಯಲ್ಲೇ. ಅವಳು ಆ ಚೀಲ ಬಿಚ್ಚಿ, 'ಅಲ್ಲಾ, ಮನೆ ಮಠ ಕಳಕೊಂಡೋರು ಟೈ ಕಟ್ಕೊಂಡು ಎಲ್ಲಿಗೆ ಹೋಗ್ತಾರೆ?' ಅಂದಳು.

ಯಜಮಾನರು ತಲೆ ಎತ್ತದೆ ಅಂದರು: 'ಸರ್ಕಾರಿ ಆಫೀಸಿಗೆ. ಟೈ ಇದ್ರೆ ಕೂರೋಕೆ ಕುರ್ಚಿ ಕೊಡ್ತಾರಂತೆ.'

ನಗಬಾರದು, ಆದರೂ ನಕ್ಕೆವು. ಎಲ್ಲರೂ ಹಾಗೆ ಕೊಟ್ಟರು ಅಂತಲ್ಲ. ಒಬ್ಬಳು ಪುಟ್ಟ ಮಗುವಿನ ಬಟ್ಟೆ ತಂದಳು, ಒಂದೊಂದಕ್ಕೂ ಹೊಸ ಗುಂಡಿ ಹೊಲಿದಿದ್ದಳು. ಕೊಡಲು ಕೈ ಚಾಚಿದವಳು ಎಷ್ಟು ಹೊತ್ತಾದರೂ ಗಂಟು ಬಿಡಲೇ ಇಲ್ಲ. ಕೊನೆಗೆ ನಾನೇ ಮೆಲ್ಲಗೆ ಎಳೆದುಕೊಂಡೆ.

ಆಮೇಲೆ ಮಂತ್ರಿಗಳು ಹೆಲಿಕಾಪ್ಟರಿನಲ್ಲಿ ಬಂದು ಮೇಲಿಂದ ನೋಡಿಕೊಂಡು ಹೋದದ್ದನ್ನು ತೋರಿಸಿದರು. ಪರಿಸ್ಥಿತಿ ನಿಯಂತ್ರಣದಲ್ಲಿದೆ ಅಂದರು. ನಿಮ್ಮ ಭಾವ ಬಸ್ ಕಂಡಕ್ಟರ್ ಕೆಲಸದಲ್ಲಿ ಗಂಟಲು ಬೆಳೆಸಿದವರು ತಾನೆ, ಪಕ್ಕದ ಮನೆಗೂ ಕೇಳಿಸುವ ಹಾಗೆ, 'ಯಾರ ನಿಯಂತ್ರಣದಲ್ಲಿ ಸ್ವಾಮಿ? ಅದನ್ನ ಹೇಳಿ ಮುಂದೆ ಹೋಗಿ!' ಅಂತ ಟೀವಿಯನ್ನು ಗದರಿದರು. ಮಂತ್ರಿಗಳು ಹೇಳದೆ ಮುಂದೆ ಹೋದರು.

ತೊಳೆದು ಕಟ್ಟಿದ ಗಂಟುಗಳು ಹಿತ್ತಲಲ್ಲಿ ಟಾರ್ಪಾಲಿನ ಕೆಳಗೆ ಕೂತವು. ಒಂದು ಲಾರಿಗೆ ಮಾತ್ರ ಅನುಮತಿ ಸಿಕ್ಕಿತು, ಅದೇ ನಿನ್ನ ಚೀಟಿ ತಂದದ್ದು. ಉಳಿದ ಬಟ್ಟೆಗೆ ಮಳೆಯ ಎರಚಲು ಬಡಿದು ಬೂಷ್ಟು ಹಿಡಿಯಿತು. ಬಿಚ್ಚಿ ಮತ್ತೆ ತೊಳೆದೆವು. ಈಗ ಎರಡನೇ ಸಲ ಕಟ್ಟಿ ಇಟ್ಟಿದ್ದೇವೆ. ಹಬೆಯಮ್ಮ ಅನ್ನುತ್ತಾಳೆ, 'ಹೀಗೇ ತೊಳೀತಾ ಇದ್ರೆ ಅವರಿಗೆ ತಲುಪೋ ಹೊತ್ತಿಗೆ ಕರ್ಚೀಫು ಆಗಿರುತ್ತೆ ಕಣೆ.'

ಬೇಜಾರಿನ ವಿಷಯ ಅಂದರೆ ಜನರ ಮಾತು ಬದಲಾಯಿತು. ಟೀವಿಯಲ್ಲಿ ಬೇರೆ ಏನೋ ಶುರುವಾಯಿತು. ಮೊನ್ನೆ ಒಬ್ಬಳು ಗಿರಾಕಿ ಪರದೆ ಒಯ್ಯಲು ಬಂದವಳು ಗಂಟುಗಳನ್ನು ನೋಡಿ, 'ಅಯ್ಯೋ, ಇನ್ನೂ ಮುಗಿದಿಲ್ವಾ ಅದು?' ಅಂದಳು. ಆಮೇಲೆ, 'ಅಲ್ರೀ, ಅಪಾಯ ಅಂತ ಗೊತ್ತಿದ್ದೂ ಸಮುದ್ರದ ಪಕ್ಕಾನೇ ಮನೆ ಯಾಕೆ ಕಟ್ಕೋತಾರೆ?' ಅಂತ ಕೇಳಿದಳು. ಹಬೆಯಮ್ಮ ಪರದೆಯ ಮಡಿಕೆ ಸರಿ ಮಾಡುತ್ತಾ, 'ಮೀನು ನಡ್ಕೊಂಡು ನಿಮ್ಮ ಅಡುಗೆಮನೆಗೆ ಬರಲ್ಲ ನೋಡಿ, ಅದಕ್ಕೆ' ಅಂದಳು. ಆ ಗಿರಾಕಿ ಬೇರೆ ಲಾಂಡ್ರಿ ಹುಡುಕಿಕೊಳ್ಳುತ್ತಾಳೆ ಅಂತ ಯಜಮಾನರು ಗೊಣಗಿದರು. ಆದರೆ ಮಧ್ಯಾಹ್ನ ಹಬೆಯಮ್ಮನಿಗೆ ಅವರೇ ಟೀ ತರಿಸಿದರು.

ಇನ್ನು ನಿನ್ನ ಪ್ರಶ್ನೆಗೆ ಬರುತ್ತೇನೆ.

ಗಾಳಿ ಬಂದ ಆ ದಿನ ಸಂಜೆ ತಮ್ಮ ನನಗೆ ಫೋನ್ ಮಾಡಿದ್ದ. ನಿನ್ನನ್ನೂ ಮರಿಯನ್ನೂ ಶಾಲೆಗೆ ಹೋಗುವ ಗಾಡಿ ಹತ್ತಿಸಿ ಬಂದೆ ಅಂದ. ಹಿಂದಿನಿಂದ ಗಾಳಿಯ ಸದ್ದು, ಯಾರೋ ತಗಡು ಎಳೆದುಕೊಂಡು ಓಡಿದ ಹಾಗೆ. 'ನೀನೂ ಹೊರಡೋ, ಇಲ್ಲಿಗೆ ಬಂದುಬಿಡೋ, ಕೊನೇ ಬಸ್ಸು ಇನ್ನೂ ಇದೆ ಅಂತ ಭಾವ ಹೇಳ್ತಿದ್ದಾರೆ' ಅಂತ ನಾನು ಗೋಗರೆದೆ. ಅವನು ನಕ್ಕ. 'ಅಕ್ಕಾ, ನೀನು ನಲ್ಲಿ ತೊಟ್ಟಿಕ್ಕಿದ್ರೂ ಕೊಡೆ ಬಿಚ್ಚೋಳು. ಫ್ಯಾಕ್ಟರೀಲಿ ಐಸ್ ಮಾಡೋ ಗ್ಯಾಸಿನ ವಾಲ್ವು ಮುಚ್ಚಬೇಕು, ಇಲ್ಲಾಂದ್ರೆ ಸುತ್ತಮುತ್ತ ಯಾರೂ ಉಸಿರಾಡೋಕಾಗಲ್ಲ' ಅಂದ. ನಾನು ಬಿಡಲಿಲ್ಲ. ಬಾ ಬಾ ಅಂತಲೇ ಇದ್ದೆ. ಆಗ ಅವನು, 'ಆಯ್ತು ಆಯ್ತು, ಬರ್ತೀನಕ್ಕಾ' ಅಂದ. ಫೋನು ಕಟ್ಟಾಯಿತು. ಅವನು ಇಟ್ಟನೋ ಅದೇ ಹೋಯಿತೋ ಗೊತ್ತಿಲ್ಲ.

ಅವನು ಬರುತ್ತಾನೆ ಅಂತ ನಾನು ಹಾಸಿಗೆ ಹಾಸಿದೆ. ಬೆಳಗಾಯಿತು, ಬರಲಿಲ್ಲ. ಸರ್ಕಾರದ ಸಹಾಯವಾಣಿಗೆ ಫೋನ್ ಹಚ್ಚಿದೆ. ಸಂಗೀತ ಕೇಳಿಸಿ ಕೇಳಿಸಿ, ಇನ್ನೇನು ಇಡಬೇಕು ಅನ್ನುವಾಗ ಒಬ್ಬಳು ಮಾತಾಡಿದಳು. ಕೊನೆಯದಾಗಿ ಏನು ಹೇಳಿದರು ಅಂತ ಕೇಳಿದಳು. ಬರ್ತೀನಿ ಅಂದ ಅಂದೆ. ಎಲ್ಲಿಗೆ ಅಂದಳು. ನಮ್ಮ ಮನೆಗೆ ಅಂದೆ. ಸರಿ ಅಂತ ಬರೆದುಕೊಂಡಳು. ಇಷ್ಟೇ ನಾನು ಹೇಳಿದ್ದು. ಅಷ್ಟಕ್ಕೇ ಅವನು ಫ್ಯಾಕ್ಟರಿಯಲ್ಲಿ ಇಲ್ಲದವನಾಗಿಬಿಟ್ಟ.

ನಿನ್ನ ಚೀಟಿ ಬಂದ ಮೇಲೆ ನಿಮ್ಮ ಭಾವನನ್ನು ಕರೆದುಕೊಂಡು ಕಾಣೆಯಾದವರ ಪಟ್ಟಿ ಇಡುವ ಸರ್ಕಾರಿ ಆಫೀಸಿಗೆ ಹೋದೆ. ಮೂರು ಅಂತಸ್ತಿನ ಕಟ್ಟಡ, ಮೆಟ್ಟಿಲ ತನಕ ಜನ. ಎಲ್ಲರ ಕೈಯಲ್ಲೂ ಒಂದೊಂದು ಫೋಟೋ. ನಮ್ಮ ಮುಂದೆ ನಿಂತಿದ್ದ ಮುದುಕರೊಬ್ಬರು ನನಗೆ ಅವರ ಮಗಳ ಫೋಟೋ ತೋರಿಸಿದರು, ನಾನು ತಮ್ಮನದು ತೋರಿಸಿದೆ. 'ಒಳ್ಳೆ ಹುಡುಗನ ಹಾಗೆ ಕಾಣ್ತಾನೆ' ಅಂದರು. ನಾನೂ, 'ನಿಮ್ಮ ಮಗಳ ಕಣ್ಣು ಎಷ್ಟು ಚೆನ್ನಾಗಿದೆ' ಅಂದೆ. ಹೆಣ್ಣು ಗಂಡು ನೋಡಲು ಬಂದವರ ಹಾಗೆ ಮಾತಾಡಿಕೊಂಡೆವು.

ಗುಮಾಸ್ತ ಕೆಟ್ಟವನಲ್ಲ, ಅದನ್ನು ಹೇಳಿಬಿಡುತ್ತೇನೆ. ಕನ್ನಡಕದ ಒಂದು ಕಡ್ಡಿಗೆ ಅಂಟುಪಟ್ಟಿ ಸುತ್ತಿದ್ದ, ಎಷ್ಟೋ ದಿನದಿಂದ ಮನೆಗೆ ಹೋಗಿಲ್ಲದವನ ಹಾಗೆ ಶರ್ಟಿನ ಕಾಲರು ಕೊಳೆಯಾಗಿತ್ತು. ಕಂಪ್ಯೂಟರನ್ನು ನಮ್ಮ ಕಡೆ ತಿರುಗಿಸಿ ತೋರಿಸಿದ.

'ನೋಡಿ ಅಮ್ಮ, ಇವರು ನಿರ್ಗಮಿತರು.'

'ಹಾಗಂದ್ರೆ ಏನು ಸಾರ್?'

'ಹೊರಟೋರು ಅಂತ.'

'ಎಲ್ಲಿಗೆ?'

'ಅದನ್ನ ನೀವೇ ಹೇಳಿದ್ದೀರಲ್ಲಮ್ಮ. ಬರ್ತೀನಿ ಅಂದ್ರು, ನಿಮ್ಮ ಮನೆಗೆ.'

'ಫೋನ್ ಇಡೋವಾಗ ಎಲ್ಲರೂ ಅಂತಾರಲ್ಲ ಸಾರ್ ಬರ್ತೀನಿ ಅಂತ.'

'ಹಾಗಾದ್ರೆ ಬರ್ತೀನಿ ಅಂದಿದ್ದು ಬರೋದಕ್ಕಲ್ವಾ?'

ನಿಮ್ಮ ಭಾವ ಮುಂದೆ ಬಗ್ಗಿ, 'ಸಾರ್, ಈಗ ನಾವು ಎದ್ದು ಹೊರಡೋವಾಗ ನಿಮಗೆ ಏನಂತೀವಿ? ಬರ್ತೀವಿ ಸಾರ್ ಅಂತೀವಿ. ಅಂದ್ರೆ ನಿಮ್ಮ ಮನೆಗೆ ಊಟಕ್ಕೆ ಬರ್ತೀವಿ ಅಂತಾನಾ?' ಅಂದರು. ಗುಮಾಸ್ತನಿಗೆ ನಗು ಬಂತು. ಹಿಂದಿನ ಸಾಲಿನಲ್ಲಿ ಯಾರೋ, 'ಹೋಗ್ತೀನಿ ಅಂತ ಯಾರಾದ್ರೂ ಬಾಯಿಬಿಟ್ಟು ಹೇಳ್ತಾರೇನ್ರೀ?' ಅಂದರು. ಇನ್ನೊಬ್ಬರು, 'ನಮ್ಮತ್ತೆ ಒಬ್ಬರೇ ಹೇಳೋದು, ಹೇಳಿ ಆಮೇಲೆ ಹೋಗೋದೂ ಇಲ್ಲ' ಅಂದರು. ಆ ಸಾಲಿನಲ್ಲಿ ನಿಂತವರೂ ನಕ್ಕರು ತಂಗಿ, ಫೋಟೋ ಹಿಡಿದುಕೊಂಡೇ.

ಗುಮಾಸ್ತ ಕನ್ನಡಕ ತೆಗೆದು ಒರೆಸಿಕೊಂಡು ನಿಧಾನವಾಗಿ ವಿವರಿಸಿದ. ಅಗೆಯುವ ಯಂತ್ರ ಸಾಲದು, ಹೆಚ್ಚಿಗೆ ಕೇಳಿದ್ದಾರೆ, ಬಂದಿಲ್ಲ. ಯಾವ ಕಟ್ಟಡದೊಳಗೆ ಜನ ಇದ್ದಾರೆ ಅಂತ ದಾಖಲೆ ಇದೆಯೋ ಅಲ್ಲಿಗೆ ಮೊದಲು. ಐಸ್ ಫ್ಯಾಕ್ಟರಿಯಲ್ಲಿ ಯಾರೂ ಇಲ್ಲ ಅಂತ ಇರುವುದರಿಂದ ಅದು ಕಟ್ಟಕಡೆಗೆ. ನಿನ್ನ ಮಾತು ಶಿಬಿರದವರು ಬರೆದುಕೊಂಡಿದ್ದಾರೆ, ಆದರೆ ಅದು ಬೇರೆ ಇಲಾಖೆ. ನನ್ನ ಮಾತು ಫೋನಿನಲ್ಲಿ ಕೊನೆಗೆ ಮಾತಾಡಿದವಳ ಮಾತು, ಅದಕ್ಕೇ ಹೆಚ್ಚು ಬೆಲೆ. 'ಬದಲಾಯಿಸಬೇಕಾದ್ರೆ ನೀವು ಬರೆದುಕೊಡಬೇಕು. ಅವರು ಹೊರಟಿರಲಿಲ್ಲ, ಫ್ಯಾಕ್ಟರೀಲೇ ಇದ್ರು, ಫೋನಲ್ಲಿ ಬೀಳ್ಕೊಂಡ್ರು ಅಷ್ಟೇ ಅಂತ.'

'ಬರೆದುಕೊಟ್ರೆ ಅಗೀತಾರಾ?'

'ಸರದಿ ಮುಂದೆ ಬರುತ್ತೆ. ಆದ್ರೆ ಅಮ್ಮ, ಇನ್ನೊಂದು ವಿಷಯ. ಈಗ ದಾರಿಯುದ್ದಕ್ಕೂ ಆಸ್ಪತ್ರೆಗಳಲ್ಲಿ, ಗುರುತು ಸಿಗದೆ ಮಲಗಿರೋರಲ್ಲಿ ಇವರ ಹೆಸರು ಹುಡುಕ್ತಾ ಇದ್ದಾರೆ. ಅದು ನಿಂತುಹೋಗುತ್ತೆ. ಒಂದು ಹೆಸರು ಎರಡು ಕಡೆ ಇರೋಕಾಗಲ್ಲ.'

ಯೋಚಿಸಿ ಹೇಳುತ್ತೇನೆ ಅಂದೆ. ಎದ್ದು ನಿಂತಾಗ ಬಾಯಿ ತಪ್ಪಿ, 'ಬರ್ತೀನಿ ಸಾರ್' ಅಂದುಬಿಟ್ಟೆ. ಅವನು ಬರೆಯುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದ. ನಾನು ಅವನ ಮುಖ ನೋಡಿದೆ.

ಲಾಂಡ್ರಿಗೆ ಬಂದು ಹೇಳಿದರೆ ಇಲ್ಲಿ ದೊಡ್ಡ ಚರ್ಚೆಯೇ ಆಯಿತು. ಕೌಂಟರಿನ ಪಕ್ಕ ಒಂದು ಕಂಬಿ ಇದೆ, ಒಯ್ಯದೆ ಬಿಟ್ಟ ಬಟ್ಟೆಯನ್ನೆಲ್ಲ ಅದಕ್ಕೆ ತೂಗುಹಾಕುತ್ತೇವೆ. ಯಜಮಾನರು ಅದಕ್ಕೆ ಇಟ್ಟ ಹೆಸರೇ ಬರ್ತೀನಿ ಕಂಬಿ. ಅವರು ಅದನ್ನು ತೋರಿಸಿ, 'ಇವರೆಲ್ಲ ಸಂಜೆ ಬರ್ತೀನಿ ಅಂದೋರೇ. ಒಂದು ಮದುವೆ ಕೋಟು ಇದೆ ನೋಡು, ಅವನಿಗೀಗ ಮಕ್ಕಳಾಗಿ ಶಾಲೆಗೆ ಹೋಗ್ತಿರಬೇಕು' ಅಂದರು. ಅಂದಮೇಲೆ ನನ್ನ ಮುಖ ನೋಡಿ ನಾಲಿಗೆ ಕಚ್ಚಿಕೊಂಡರು. ಹಬೆಯಮ್ಮ ಅವರನ್ನು ಸುಮ್ಮನೆ ಬಿಡುತ್ತಾಳಾ? 'ನಿಮ್ಮ ಗಿರಾಕಿಗೂ ಅವಳ ತಮ್ಮನಿಗೂ ಹೋಲಿಕೆಯೇನ್ರೀ? ಬೆನ್ನಿಗೆ ಬಿದ್ದೋನು ಅಕ್ಕನಿಗೆ ಬರ್ತೀನಿ ಅಂದ್ರೆ ಬರೋಕೇ' ಅಂತ ಗದರಿದಳು. ಸ್ವಲ್ಪ ಹೊತ್ತು ಯಂತ್ರ ನಡೆಸಿ ಮತ್ತೆ ನನ್ನ ಹತ್ತಿರ ಬಂದು ಮೆಲ್ಲಗೆ, 'ಆದ್ರೂ ಗ್ಯಾಸು ಮುಚ್ಚದೆ ಬರೋನಲ್ಲ ಅವನು, ಅಲ್ವೇನೇ? ಐಸ್ ಇಡೋ ಕೋಣೆ ಗೋಡೆ ದಪ್ಪ ಇರುತ್ತಂತೆ' ಅಂದಳು. ಗೋಡೆ ದಪ್ಪ ಇರುತ್ತಂತೆ ಅನ್ನುವ ಆ ಒಂದು ಮಾತನ್ನು ಆವತ್ತಿನಿಂದ ಹಿಡಿದುಕೊಂಡಿದ್ದೇನೆ. ಇನ್ನೊಂದು ಕೈಯಲ್ಲಿ ಆಸ್ಪತ್ರೆಯನ್ನು ಹಿಡಿದುಕೊಂಡಿದ್ದೇನೆ. ತಲೆಗೆ ಪೆಟ್ಟಾಗಿ ಹೆಸರು ಹೇಳಲಾಗದೆ ಎಲ್ಲೋ ಒಂದು ಮಂಚದ ಮೇಲೆ ಮಲಗಿರುತ್ತಾನೆ, ನರ್ಸು ಅವನಿಗೆ ಗಂಜಿ ಕುಡಿಸುತ್ತಿರುತ್ತಾಳೆ, ಅವನು ಉಪ್ಪು ಸಾಲದು ಅಂತ ಮುಖ ಸಿಂಡರಿಸುತ್ತಿರುತ್ತಾನೆ. ಹೀಗೆಲ್ಲ ಕಾಣುತ್ತದೆ.

ಯಾವುದನ್ನು ಬಿಡಲಿ ಅಂತ ನಿಮ್ಮ ಭಾವನನ್ನು ಕೇಳಿದೆ. ಎಲ್ಲದಕ್ಕೂ ಬಾಯಿ ಹಾಕುವ ಮನುಷ್ಯ, ಇದಕ್ಕೆ ಮಾತ್ರ, 'ನಿನ್ನ ತಮ್ಮ. ಅವನ ದನಿ ಕೇಳಿದವಳು ನೀನು' ಅಂದು ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋದರು.

ದನಿ ಕೇಳಿದ್ದೇನೆ, ಸರಿ. ಆದರೆ ಎಷ್ಟು ಸಲ ಮನಸ್ಸಿನಲ್ಲಿ ತಿರುವಿ ಹಾಕಿದ್ದೇನೆ ಅಂದರೆ ಈಗ ಅದು ಅವನ ದನಿಯೋ ನನ್ನದೋ ಗೊತ್ತಾಗುವುದಿಲ್ಲ. ಒಂದು ಸಲ ಬರುತ್ತೇನೆ ಅಂದ ಹಾಗೆ ಕೇಳಿಸುತ್ತದೆ, ಇನ್ನೊಂದು ಸಲ, ಸಾಕು ಮಾರಾಯ್ತಿ ಫೋನ್ ಇಡು ಅಂದ ಹಾಗೆ. ತೊಳೆದೂ ತೊಳೆದೂ ಬಣ್ಣ ಹೋದ ಬಟ್ಟೆಯ ಹಾಗಾಗಿದೆ.

ನಿನ್ನ ಚೀಟಿಯಲ್ಲಿ, ನಿನಗೂ ಅವನು ಗಾಡಿ ಹತ್ತಿಸುವಾಗ 'ಬೀಗ ಹಾಕಿ ಬರ್ತೀನಿ' ಅಂದ ಅಂತ ಬರೆದಿದ್ದೀಯ. ನೋಡು, ನಿನಗೆ ಶಾಲೆಗೆ ಬರ್ತೀನಿ ಅಂದ, ನನಗೆ ಇಲ್ಲಿಗೆ ಬರ್ತೀನಿ ಅಂದ. ಇಬ್ಬರಲ್ಲಿ ಒಬ್ಬರಿಗೆ ಹೇಳಿದ್ದು ಬರುವುದಕ್ಕೆ, ಇನ್ನೊಬ್ಬರಿಗೆ ಹೇಳಿದ್ದು ಸುಮ್ಮನೆ. ನೀನು ಹೆಂಡತಿ, ಮಗು ನಿನ್ನ ಹತ್ತಿರ ಇದೆ. ಅವನು ಬರುವುದಾದರೆ ಮೊದಲು ನಿನ್ನ ಹತ್ತಿರ ಬರಬೇಕು, ಅದೇ ನ್ಯಾಯ. ಇದನ್ನು ಒಪ್ಪಿಕೊಳ್ಳಲು ನನಗೆ ಇಷ್ಟು ದಿನ ಹಿಡಿಯಿತು. ನಾಳೆ ಹೋಗಿ ನೀನು ಹೇಳಿದ ಹಾಗೆ ಬರೆದುಕೊಡುತ್ತೇನೆ. ನೀನು ಅದಕ್ಕಾಗಿ ಇನ್ನು ಯಾರ ಹತ್ತಿರವೂ ಅಂಗಲಾಚುವುದು ಬೇಡ.

ಲಾರಿಯಲ್ಲಿ ಒಂದು ಗಂಟು ನಿನ್ನ ಹೆಸರಿಗೆ ಇಟ್ಟಿದ್ದೇನೆ, ಹಸಿರು ದಾರ ಕಟ್ಟಿದೆ. ಅದರಲ್ಲಿ ದಪ್ಪ ಕಂಬಳಿ, ಟವೆಲ್ಲು, ಮರಿಗೆ ಎರಡು ಸ್ವೆಟರು. ತೋಳು ಉದ್ದವಾಗಬಹುದು, ಮಡಚಿ ಹಾಕು, ಬೆಳೆಯುತ್ತಾಳೆ. ಸೋಪು ಬಟ್ಟೆಯ ನಡುವೆ ಇದೆ. ಹಂಚುವವರು ಎಲ್ಲ ಒಂದೇ ರಾಶಿಗೆ ಸುರಿದರೆ ಸುಮ್ಮನಿರಬೇಡ, ದಾರ ತೋರಿಸಿ ಕೇಳು. ಟೈ ಚೀಲವೂ ಅದೇ ಲಾರಿಯಲ್ಲಿ ಬರುತ್ತಿದೆ. ಒಣಗಿಸಲು ಹಗ್ಗ ಇಲ್ಲ ಅಂತ ಬರೆದಿದ್ದೆಯಲ್ಲ, ಒಂದಕ್ಕೊಂದು ಗಂಟು ಹಾಕಿ ಕಟ್ಟಿಕೋ. ಅದು ಹಬೆಯಮ್ಮನ ಉಪಾಯ. ಕುದಿಸದ ನೀರು ಕುಡಿಯಬೇಡ. ಸಾಲಿನಲ್ಲಿ ನಿಲ್ಲುವಾಗ ಮರಿಯ ಕೈ ಬಿಡಬೇಡ. ರಾತ್ರಿ ಗೋಡೆ ಕಡೆಗೆ ಅವಳನ್ನು ಮಲಗಿಸು, ಬಾಗಿಲ ಕಡೆಗೆ ಬೇಡ. ಇಷ್ಟೆಲ್ಲ ನಿನಗೆ ಗೊತ್ತು. ಬರೆಯದಿದ್ದರೆ ನನಗೆ ನಿದ್ದೆ ಬರುವುದಿಲ್ಲ.

ನಿಮ್ಮಿಬ್ಬರ ಹೊಟ್ಟೆ ತಣ್ಣಗಿರಲಿ, ಮೈ ಬೆಚ್ಚಗಿರಲಿ. ಮರಿ ನಿನ್ನಷ್ಟು ಧೈರ್ಯವಂತಳಾಗಲಿ, ನನ್ನ ಹಾಗೆ ಹೆದರುಪುಕ್ಕಲಿ ಆಗದಿರಲಿ. ರಸ್ತೆ ತೆರೆದ ಕೂಡಲೇ ಇಬ್ಬರೂ ಇಲ್ಲಿಗೆ ಬನ್ನಿ. ಇದು ನಿಮ್ಮ ಮನೆ. ಭಾವನೂ ಅದನ್ನೇ ಹೇಳಿದ್ದಾರೆ, ಅವರ ದನಿಯಲ್ಲಿ ಹೇಳಿದ್ದರಿಂದ ಬೀದಿಗೆಲ್ಲ ಗೊತ್ತಾಗಿದೆ.

ನಿನ್ನ
ಅಕ್ಕ

ಮರೆತ ಮಾತು: ಮಂಗಳವಾರ ಬರೆಯುತ್ತಿದ್ದೇನೆ. ಲಾರಿಗೆ ಇವತ್ತೂ ಪರವಾನಗಿ ಸಿಗಲಿಲ್ಲ, ನಾಳೆ ಬೆಳಿಗ್ಗೆ ಕೊಡುತ್ತಾರಂತೆ, ಅದಕ್ಕೆ ಕಾಗದ ಬಿಚ್ಚಿದೆ. ಬೆಳಿಗ್ಗೆ ಹೋಗಿ ಸಹಿ ಹಾಕಿ ಬಂದೆ. ಗುಮಾಸ್ತ ತಾನೇ ಬರೆದು, ನನಗೆ ಓದಿ ಹೇಳಿದ. ಅದರಲ್ಲಿ, ನನ್ನ ತಮ್ಮನು ದೂರವಾಣಿಯಲ್ಲಿ ನನಗೆ ವಿದಾಯ ಹೇಳಿದನು ಅಂತ ಇತ್ತು. ವಿದಾಯ ಅಂದರೆ ಏನು ಸಾರ್ ಅಂದೆ. ಅವನು ತಡವರಿಸಿ, 'ಅದೇ ಅಮ್ಮ, ನಾವೆಲ್ಲ ಹೊರಡೋವಾಗ ಬರ್ತೀನಿ ಅಂತೀವಲ್ಲ, ಅದು' ಅಂದ. ಹಾಗಾದರೆ ಬರ್ತೀನಿ ಅಂದ ಅಂತಲೇ ಬರೆಯಿರಿ ಅಂದೆ. 'ಹಾಗೆ ಬರೆದ್ರೆ ಮತ್ತೆ ಮೊದಲಿನ ಕಥೇನೇ ಆಗುತ್ತೆ ಅಮ್ಮ' ಅಂದ. ಅವನು ಹೇಳಿದ್ದೂ ನಿಜ. ಸಹಿ ಹಾಕಿದೆ. ಇಡೀ ಆಯುಷ್ಯದಲ್ಲಿ ಅವನ ಬಾಯಲ್ಲಿ ಒಂದು ಸಲವೂ ಬಂದಿರದ ಮಾತನ್ನು ಅವನು ನನಗೆ ಹೇಳಿದ ಅಂತ ನಾನೇ ಬರೆದುಕೊಟ್ಟೆ ತಂಗಿ. ಗುರುವಾರ ಫ್ಯಾಕ್ಟರಿಗೆ ಅಗೆಯುವ ಯಂತ್ರ ಬರುತ್ತದಂತೆ.

ಈಗ ನಿನಗೆ ಮಾತ್ರ ಹೇಳುತ್ತೇನೆ. ಬರುವುದಕ್ಕೇ ಅಂದಿದ್ದರೆ, ಆ ಗಾಳಿಯಲ್ಲಿ ಅವನನ್ನು ರಸ್ತೆಗೆ ಎಳೆದದ್ದು ನನ್ನ ಬಾ ಬಾ. ಬೀಳ್ಕೊಳ್ಳುವುದಕ್ಕೆ ಅಂದಿದ್ದರೆ, ಅವನಿಗೆ ಆಗಲೇ ಗೊತ್ತಿತ್ತು. ಗೊತ್ತಿದ್ದೂ ಕೊಡೆ ಅಂತ ಏನೋ ಹೇಳಿ ನನ್ನನ್ನು ನಗಿಸಲು ನೋಡಿದ. ಎರಡರಲ್ಲಿ ಯಾವುದು ನಿಜವಾಗಲಿ ಅಂತ ನಾನು ಬೇಡಿಕೊಳ್ಳಲಿ, ಹೇಳು.

ಅದಕ್ಕೇ ಒಂದು ಕೆಲಸ ಮಾಡು. ಬೈಯಬೇಡ. ಅವನ ಕರಿ ರಬ್ಬರ್ ಬೂಟು ಮನೆಯಲ್ಲಿ ಕಾಣಲಿಲ್ಲ ಅಂತ ನೀನು ಚೀಟಿಯ ಹಿಂಬದಿಯಲ್ಲಿ ಬರೆದಿದ್ದೆ. ಫ್ಯಾಕ್ಟರಿಗಾದರೆ ಅದನ್ನು ಹಾಕಿಕೊಂಡೇ ಹೋಗುತ್ತಾನೆ. ಬಸ್ಸಿಗಾದರೆ ಅದನ್ನು ಮನೆಯಲ್ಲೇ ಬಿಟ್ಟು ಬೇರೆ ಮೆಟ್ಟಿಕೊಳ್ಳುತ್ತಾನೆ. ಆದರೆ ರಬ್ಬರು ತೇಲುತ್ತದೆ. ಮನೆಗೆ ನುಗ್ಗಿದ ನೀರು ಇಳಿಯುವಾಗ ಮಂಚದ ಅಡಿಗೋ, ಬಿದ್ದ ಬೀರುವಿನ ಹಿಂದಕ್ಕೋ ಸೇರಿಕೊಂಡಿರಬಹುದು. ಗುರುವಾರದ ಒಳಗೆ ಇನ್ನೊಂದು ಸಲ ಹೋಗಿ ಬಗ್ಗಿ ನೋಡು. ಕೈ ಹಾಕಿ ನೋಡು. ಒಂದು ಕಾಲಿನದು ಸಿಕ್ಕರೂ ಸಾಕು.